ನೀರಿನ ಜೊತೆ ಬೆಲ್ಲ

ಮೊನ್ನೆ ನವನಗರದಲ್ಲಿ ಪರಿಚಯದವರ ಮನೆಗೆ ಹೋಗಿದ್ದೆ. ಬಿಸಿಲಲ್ಲಿ ನಡೆದು ಬಂದವನೆಂದು ಆ ಮನೆಯ ಸೊಸೆ ತಂಬಿಗೆ ನೀರು ತಂದಿಟ್ಟಳು, ಜೊತೆಗೆ ಸಣ್ಣ ತಟ್ಟೆಯಲ್ಲಿ ಒಂದು ತುಂಡು ಬೆಲ್ಲ. ನಮ್ಮ ಕಡೆ ಬಂದವರಿಗೆ ಬರೀ ನೀರು ಕೊಡುವುದಿಲ್ಲ. ಮಾತಿನಲ್ಲಿ ನಾನು ತಡ ಮಾಡಿದೆ. ನೋಡುವಷ್ಟರಲ್ಲಿ ತಟ್ಟೆಯ ಅಂಚಿಗೆ ಒಂದು ಇರುವೆ ಹತ್ತಿತ್ತು, ಅದರ ಹಿಂದೆ ಇನ್ನೊಂದು... ಲಂಗರಿನ ಕಾಕಾ ನೆನಪಾದರು.

ಎರಡನೇ ಮಹಾಯುದ್ಧದ ದಿನಗಳು. ಧಾರವಾಡದ ಹೊರಗಿನ ಬಯಲಲ್ಲಿ, ಸೈನ್ಯಕ್ಕೆ ಹೊಸದಾಗಿ ಭರ್ತಿಯಾದ ಹುಡುಗರಿಗೆ ತರಬೇತಿ ಶಿಬಿರ ಹಾಕಿದ್ದರು. ನನಗೆ ಹತ್ತೊಂಬತ್ತು. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಶಿಬಿರದ ಅಡುಗೆಮನೆಗೆ ಲಂಗರ್ ಎನ್ನುತ್ತಿದ್ದರು. ಅಲ್ಲಿ ರೊಟ್ಟಿ ಬಡಿಸುತ್ತಿದ್ದವರು ಈ ಕಾಕಾ. ಹಣೆ ತುಂಬ ವಿಭೂತಿ, ಬಾಯಿ ಮಾತ್ರ ಖಾರ ಮೆಣಸಿನಕಾಯಿ. ಆದರೆ ಯಾರು ನೀರು ಕೇಳಿದರೂ ಬೈಯುತ್ತಲೇ ಬೆಲ್ಲ ಮುರಿದು ಕೈಗಿಡುತ್ತಿದ್ದರು. ಅದಕ್ಕೆಂದೇ ತಮ್ಮ ಮನೆಯಿಂದ ಬೆಲ್ಲದ ಪೆಂಟೆ ಹೊತ್ತು ತರುತ್ತಿದ್ದರು.

ನನ್ನ ಪಕ್ಕದ ಹಾಸಿಗೆಯ ಗೆಳೆಯ ಹಳೇ ಹುಬ್ಬಳ್ಳಿಯವನು, ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುವವರ ಮಗ. ಐದು ಹೊತ್ತಿನ ನಮಾಜು ತಪ್ಪಿಸದ ಹುಡುಗ. ಬಂದಾಗ ಗಟ್ಟಿಮುಟ್ಟಾಗಿದ್ದ. ಎರಡು ತಿಂಗಳಲ್ಲಿ ಖಾಕಿ ಚಡ್ಡಿ ಸೊಂಟದಲ್ಲಿ ನಿಲ್ಲದಾಯಿತು. ಇಬ್ಬರ ಊಟ ಒಬ್ಬನೇ ಉಣ್ಣುತ್ತಿದ್ದ, ಆದರೂ ಪಕ್ಕೆಲುಬು ಎಣಿಸಬಹುದಿತ್ತು. ಓಟ ಮುಗಿದು ನಮ್ಮೆಲ್ಲರ ಎದೆ ಶಾಂತವಾದ ಮೇಲೂ ಅವನ ಎದೆ ಹೊಡೆದುಕೊಳ್ಳುವುದು ಅಂಗಿಯ ಮೇಲಿಂದಲೇ ಕಾಣುತ್ತಿತ್ತು. ಮತ್ತೆ ಆ ನೀರಡಿಕೆ! ದಿನಕ್ಕೆ ಎಷ್ಟು ಸಲ ಲಂಗರಿಗೆ ಓಡುತ್ತಿದ್ದನೋ... "ಸೊರಗ್ಯಾನ ಪಾಪ" ಎಂದು ಕಾಕಾ ಅವನಿಗೆ ದೊಡ್ಡ ತುಂಡನ್ನೇ ಕೊಡುತ್ತಿದ್ದರು.

ಒಂದು ಮುಂಜಾನೆ ಗೋಡೆಯ ಹಿಂದೆ ಅವನು ಮೂತ್ರ ಮಾಡುವ ಕಲ್ಲಿನ ಮೇಲೆ ಇರುವೆಗಳು ಕಪ್ಪಗೆ ಮುತ್ತಿದ್ದನ್ನು ಕಂಡೆ. ನನಗೆ ನಗು ಬಂತು. ಅವನು ನಗಲಿಲ್ಲ.

"ಯಾರ ಮುಂದೂ ಹೇಳಬ್ಯಾಡಪಾ. ಡಾಕ್ಟರಿಗೆ ತಿಳದ್ರ ಮನಿಗೆ ಕಳಸ್ತಾರ. ಓಣಿ ಮಂದಿ ಎಲ್ಲಾ ಹಾರ ಹಾಕಿ ಕಳಿಸ್ಯಾರ. ಯಾವ ಮಾರಿ ಇಟ್ಕೊಂಡು ತಿರುಗಿ ಹೋಗ್ಲಿ?"

ನಾನು ಆಣೆ ಮಾಡಿದೆ. ದೊಡ್ಡ ಗೆಳೆಯ ನೋಡಿ ನಾನು!

ಮರುದಿನ ಒಲೆಯ ಬೂದಿ ಚೆಲ್ಲಲು ಹೋದ ಕಾಕಾ ಅದೇ ಕಲ್ಲು ನೋಡಿದರು. ಅಲ್ಲೇ ಇದ್ದ ನನ್ನನ್ನು ಕರೆದರು.

"ಇಲ್ಲಿ ಯಾರು ಕುಂದರ್ತಾರೋ? ನಮ್ಮ ತಮ್ಮಗೂ ಹಿಂಗ ಇರಬಿ ಮುತ್ತಿದ್ದವು. ಸಕ್ಕರಿ ಬ್ಯಾನಿ ಅದು, ಹುಡುಗನ್ನ ತಿಂದು ಹಾಕ್ತು. ಖರೇ ಹೇಳು."

"ನನಗೇನ್ ಗೊತ್ತರಿ ಕಾಕಾ" ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. ಆ ದಿನವೆಲ್ಲ ರೊಟ್ಟಿ ಬಡಿಸುತ್ತ ಒಬ್ಬೊಬ್ಬರನ್ನೂ ಕೇಳಿದರು. ಹುಡುಗರು ಬಿದ್ದು ಬಿದ್ದು ನಕ್ಕರು. ನನ್ನ ಗೆಳೆಯನನ್ನೂ ಕೇಳಿದರು. ಅವನು ಇಲ್ಲವೆಂದು ತಲೆ ಅಲ್ಲಾಡಿಸಿ ನೀರು ಕೇಳಿದ. ಬಿಸಿಲ ಕವಾಯತಿನಲ್ಲಿ ಸೊರಗಿದವನೂ ನೀರಡಿಸಿದವನೂ ಅವನೊಬ್ಬನೇ ಅಲ್ಲವಲ್ಲ, ಕಾಕಾ ಅವನ ಮಾತು ನಂಬಿದರು. ಕಾಕಾ ನೀರು ಕೊಟ್ಟರು, ಬೆಲ್ಲ ಕೊಟ್ಟರು. ನಾನು ನೋಡುತ್ತ ಕುಳಿತಿದ್ದೆ.

ಅದಾದ ಎರಡನೆಯ ದಿನ, ಕವಾಯತಿನ ಸಾಲಿನಲ್ಲಿ ಗೆಳೆಯ ತೂರಾಡಿದ. ಅವರಪ್ಪನ ಕುಲುಮೆಯ ತಿದಿಯಂತೆ ಉಸಿರು ಎಳೆಯುತ್ತಿದ್ದ. ಹವಾಲ್ದಾರ ಹತ್ತಿರ ಬಂದು ಮೂಸಿದ. ಬಾಯಿಂದ ಕೊಳೆತ ಹಣ್ಣಿನ ವಾಸನೆ.

"ಶೆರೆ ಕುಡದೀಯೇನಲೇ?"

"ಖುದಾ ಕಸಂ, ಮುಟ್ಟಿಲ್ಲರಿ ಸಾಬ್..."

"ಬಂದೂಕು ತಲಿ ಮ್ಯಾಲ! ಮೈದಾನ ಹತ್ತು ಸುತ್ತು!"

ಅವನು ಓಡಿದ. ನಾನು ಸಾಲಿನಲ್ಲಿ ನೆಟ್ಟಗೆ ನಿಂತಿದ್ದೆ. ಒಂದು ಮಾತು ಸಾಕಿತ್ತು. ಒಂದು ಸುತ್ತಾಯಿತು. ಈಗ ಹೇಳುತ್ತೇನೆ ಅಂದುಕೊಂಡೆ. ಎರಡಾಯಿತು. ಬಂದೂಕು ತಲೆಯಿಂದ ಭುಜಕ್ಕೆ ಜಾರಿತು, ಅವನು ಮತ್ತೆ ಎತ್ತಿಕೊಂಡ. ಆಣೆ, ಹವಾಲ್ದಾರನ ಬೆತ್ತ, ನನ್ನ ಹೇಡಿತನ... ಯಾವುದು ನನ್ನ ಬಾಯಿ ಹಿಡಿದಿತ್ತೋ ಇವತ್ತಿಗೂ ಹೇಳಲಾರೆ.

ಮೂರನೆಯ ಸುತ್ತಿನಲ್ಲಿ, ನಮಗೆ ನೀರು ಹೊತ್ತು ತಂದಿದ್ದ ಕಾಕಾ ಕೊಡ ಅಲ್ಲೇ ಕುಕ್ಕಿ ಮೈದಾನಕ್ಕೆ ನುಗ್ಗಿದರು. ಬೀಳುತ್ತಿದ್ದವನನ್ನು ಅಪ್ಪಿ ಹಿಡಿದರು, ಬಾಯಿ ಮೂಸಿದರು.

"ಶೆರೆ ಅಲ್ಲರಿ ಸಾಹೇಬ್ರ! ಕಡೀ ದಿನ ನಮ್ಮ ತಮ್ಮನ ಬಾಯಾಗೂ ಇದ ವಾಸನಿ ಇತ್ತು. ಡಾಕ್ಟರನ್ನ ಕರಸ್ರಿ, ಲಗೂ!"

ಹವಾಲ್ದಾರನ ಬೆತ್ತ ಎರಡು ಸಲ ಕಾಕಾನ ಬೆನ್ನ ಮೇಲೆ ಬಿತ್ತು. ಅವರು ಹುಡುಗನನ್ನು ಬಿಡಲಿಲ್ಲ.

ಲಾರಿಯಲ್ಲಿ ಹಾಕಿ ಹುಬ್ಬಳ್ಳಿಯ ದವಾಖಾನೆಗೆ ಒಯ್ದರು. ಮೂರನೆಯ ದಿನ, ಅವನು ತೀರಿಕೊಂಡನೆಂದು ಸುದ್ದಿ ಬಂತು. ಎರಡು ದಿನ ಮೊದಲು ತಂದಿದ್ದರೆ ಇಂಜೆಕ್ಷನ್ ಹಿಡಿಯುತ್ತಿತ್ತೇನೋ ಎಂದು ಅಲ್ಲಿಯ ಡಾಕ್ಟರು ಅಂದರಂತೆ. ಎರಡು ದಿನ!

ಕಾಕಾ ಆರಿದ ಒಲೆಯ ಮುಂದೆ ಕುಳಿತಿದ್ದರು. "ಕೈಯಾರ ತಿನ್ನಿಸಿದ್ನಲ್ಲೋ ತಮ್ಮಾ... ನನ್ನ ಕೈಯಾರ!" ಎಂದು ಅಂಗೈ ನೋಡಿಕೊಂಡು ಅತ್ತರು. ಆಗಲಾದರೂ ನಾನು ಹೇಳಬೇಕಿತ್ತು. "ನಿಮಗೇನ್ ಗೊತ್ತಿತ್ತರಿ ಕಾಕಾ" ಎಂದೆ. ಗೊತ್ತಿದ್ದವನು ಯಾರು ಅನ್ನುವುದನ್ನು ನುಂಗಿಕೊಂಡೆ.

ಆಮೇಲೆ ಲಂಗರಿನಲ್ಲಿ ಬೆಲ್ಲ ಕಾಣಲಿಲ್ಲ. ನೀರು ಕೇಳಿದರೆ ಕಾಕಾ ಕಣ್ಣು ಕಿರಿದು ಮಾಡಿ, "ಇವತ್ತಿಗೆ ಎಷ್ಟನೇ ತಂಬಿಗಿ ಇದು?" ಎಂದು ಕೇಳುತ್ತಿದ್ದರು. ಯುದ್ಧ ಮುಗಿದ ಮೇಲೆ ಒಮ್ಮೆ ಹುಬ್ಬಳ್ಳಿಯ ಪೇಟೆಯಲ್ಲಿ ಸಿಕ್ಕಿದ್ದರು. "ಆರಾಮ ಇದ್ದೀಯೇನಪಾ?" ಎಂದು ಬೆನ್ನು ಸವರಿದರು. "ಆರಾಮರಿ ಕಾಕಾ" ಎಂದು, ಹೇಳಬೇಕಾದ್ದನ್ನು ಹೇಳದೆ ಪೇಟೆಯ ಗದ್ದಲದಲ್ಲಿ ಸರಿದುಹೋದೆ. ಮುಂದಿನ ವರ್ಷ ಕಾಕಾ ಹೋದರೆಂದು ಕೇಳಿದೆ...

"ಬೆಲ್ಲ ಮುಟ್ಟಲೇ ಇಲ್ಲಲ್ರಿ ಅಜ್ಜಾರ, ಶುಗರ್ ಐತೇನ್ರಿ?" ಸೊಸೆ ಕೇಳಿದಳು.

"ನನಗಿಲ್ಲವಾ. ನನ್ನ ಗೆಳ್ಯಾಗ ಇತ್ತು. ನನಗ ಗೊತ್ತಿತ್ತು" ಎಂದೆ.

ಆಕೆಗೆ ಏನು ತಿಳಿಯಬೇಕು, ಪಾಪ! "ಹೌದೇನ್ರಿ" ಎಂದು ಇರುವೆ ಕೊಡವಿ ತಟ್ಟೆಯನ್ನು ಒಳಗೆ ಒಯ್ದಳು. ಆ ಮಾತನ್ನು ಕೇಳಬೇಕಾಗಿದ್ದ ಕಾಕಾ ಅಂದೇ ಕೇಳಿದ್ದರು, ಆ ಕಲ್ಲಿನ ಹತ್ತಿರ, ಬೂದಿಯ ಪುಟ್ಟಿ ಹಿಡಿದು, ನನ್ನ ಮುಖವನ್ನೇ ನೋಡುತ್ತ.