ಪೈಲಟ್‌ನ ಬೂಟು ಬಿಡಿಸಿದಾಕೆ

ಮಲ್ಲೂ, ಸುಮಾ, ನಮ್ಮೂರು ಸಗರದಲ್ಲಿ ನಮ್ಮ ಪಕ್ಕದ ಮನೆಯಾಕೆ ತನ್ನ ಗದ್ದೆಗೆ ಯಾರೇ ಬರಲಿ, ಮೊದಲು ಅವರ ಕಾಲು ನೋಡುತ್ತಿದ್ದಳು. “ಚಪ್ಪಲಿ ಬಿಡ್ರಿ, ಅನ್ನ ಬೆಳಿಯೋ ಜಾಗ ಇದು” ಎನ್ನುವಳು. ಸಾಹುಕಾರರನ್ನೂ ಬಿಟ್ಟವಳಲ್ಲ.

ಆಗ ಕಾಲುವೆ ನೀರು ಬಂದ ಹೊಸತು. ಎಂಜಿನ್ ಕೆಟ್ಟರೆ ಇಳಿಯುವುದು ಹೇಗೆಂದು ಪೈಲಟ್‌ಗಳಿಗೆ ಕಲಿಸಲು ಹೆಲಿಕಾಪ್ಟರೊಂದು ನಮ್ಮೂರ ಬಯಲಿಗೆ ಬರುತ್ತಿತ್ತು. ಒಂದು ದಿನ ಅದು ಆಕೆಯ ಗದ್ದೆಗೇ ಇಳಿಯಿತು. ಮೇಲಿನಿಂದ ಹಸಿರು ನೆಲ ಕಂಡಿರಬೇಕು. ಇದ್ದದ್ದು ಮೊಣಕಾಲುದ್ದ ಕೆಸರು. ಹೆಲಿಕಾಪ್ಟರ್ ಹೂತು, ಪಕ್ಕಕ್ಕೆ ಮಗುಚಿತು. ಒಳಗಿದ್ದ ಇಬ್ಬರು ಪೈಲಟ್‌ಗಳಲ್ಲಿ ಒಬ್ಬ ಹೊರಬಂದ. ಇನ್ನೊಬ್ಬನ ಕಾಲು ಒಳಗೆ ಸಿಕ್ಕಿಕೊಂಡಿತ್ತು. ಎಣ್ಣೆ ಸೋರುವ ವಾಸನೆ ಬಂದು, ಇನ್ನೇನು ಬೆಂಕಿ ಹತ್ತುತ್ತದೆಂದು ನಾವೆಲ್ಲ ಬದುವಿನ ಮೇಲೆಯೇ ನಿಂತೆವು. ಆಕೆ ಕುಡುಗೋಲು ಹಿಡಿದು ಕೆಸರಿಗಿಳಿದಳು.

ಹೊರಬಂದವನು ಗೆಳೆಯನನ್ನು ಎಳೆಯುತ್ತಿದ್ದ. “ಜಗ್ಗಬ್ಯಾಡ್ರಿ, ಕಾಲ ಮುರಿತದ! ಬೂಟು ಸಿಕ್ಕೊಂಡದ” ಎಂದವಳೇ ಬೂಟಿನ ದಾರ ಕೊಯ್ದಳು. ಬರಿಗಾಲು ಸರಕ್ಕನೆ ಹೊರಬಂತು.

ಕಾಲು ಬಿಡಿಸಿಕೊಂಡವನು ಬದುವಿನ ಮೇಲೆ ಕುಳಿತು ಆಕೆಗೆ ಕೈಮುಗಿದ.

“ನನಗ್ಯಾಕ ಕೈ ಮುಗೀತಿ ತಮ್ಮಾ? ಸಸಿ ಮುರಿದಾವ, ಬ್ಯಾರೆ ನಾಟಿ ಹಚ್ಚಬೇಕು. ಇನ್ನೊಂದು ಬೂಟೂ ಬಿಚ್ಚಿ ಬಾ.”

ಮಾತು ತಿಳಿಯಿತೋ ಇಲ್ಲವೋ, ಅವನು ನಗುತ್ತ ಬಿಚ್ಚಿಯೇಬಿಟ್ಟ.

ಆಕೆಯ ಒಂದು ಫೋಟೋ ಕೂಡ ಯಾರ ಬಳಿಯೂ ಇಲ್ಲ ಮಕ್ಕಳೇ. ಅದಕ್ಕೇ ಬರೆದಿಟ್ಟ ಈ ಹಾಳೆಗಳನ್ನು ಜೋಪಾನ ಮಾಡಿರಿ.