ನೆಗ್ಗಿದ ಪಾವು

ನನ್ನ ಅಪ್ಪ ಹೊಡೆಯುವ ಮನುಷ್ಯ. ಲಕ್ಷ್ಮೇಶ್ವರದ ನಮ್ಮ ಓಣಿಗೆಲ್ಲ ಅದು ಗೊತ್ತಿತ್ತು. ಅಂಗಡಿಯಲ್ಲಿ ಅವನಷ್ಟು ಮೆತ್ತಗೆ ಮಾತಾಡುವವರಿಲ್ಲ ಎಂಬುದೂ ಗೊತ್ತಿತ್ತು. ನಾನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಒಂದು ಮಧ್ಯಾಹ್ನ, ಸಾರು ಸಪ್ಪಗಿದೆ ಎಂದು, ಕೈಗೆ ಸಿಕ್ಕ, ಅಕ್ಕಿ ಅಳೆದಿಟ್ಟಿದ್ದ ಹಿತ್ತಾಳೆ ಪಾವನ್ನು ಅವ್ವನ ಮೇಲೆ ಬೀಸಿ ಒಗೆದ. ಅದು ಅವಳ ಹುಬ್ಬು ಸೀಳಿ, ಒರಳಿಗೆ ಬಡಿದು ಬಿತ್ತು. ಅವ್ವ ಒಂದು ಕೈಯಲ್ಲಿ ಸೆರಗು ಒತ್ತಿ ಹಿಡಿದು, ಇನ್ನೊಂದರಿಂದ ಚೆಲ್ಲಿದ ಅಕ್ಕಿ ಬಳಿದಳು. ಪಾವಿನ ಹೊಟ್ಟೆ ಒಂದು ಕಡೆ ಒಳಗೆ ಹೋಗಿತ್ತು.

ಎಂಬತ್ತರ ಸುಮಾರಿಗೆ ನನ್ನನ್ನು ಮುಂಡರಗಿಗೆ ಕೊಟ್ಟರು. ಹೋಗುವ ಮುಂಚೆ ಅವ್ವ ಅಡುಗೆಯ ಅಳತೆಗಳನ್ನು ಹೇಳುತ್ತ ಹೋದಳು, ನಾನು ಹಳೆಯ ವಹಿಯಲ್ಲಿ ಬರೆದುಕೊಂಡೆ. ಪೇಟೆಗೆ ಕಿಲೋ ಬಂದು ಎಷ್ಟೋ ವರ್ಷವಾಗಿದ್ದರೂ ಅವಳ ಬಾಯಲ್ಲಿ ಸೇರು, ಪಾವು, ಚಟಾಕು. ಉಪ್ಪಿನಕಾಯಿಗೆ ಮಾವಿನಕಾಯಿ ಐವತ್ತು, ಉಪ್ಪು ಆರು ಪಾವು.

ಮೊದಲ ಬೇಸಿಗೆ ಗಂಡನ ಮನೆಯ ಪಾವಿನಲ್ಲಿ ಹಾಗೆಯೇ ಅಳೆದು ಹಾಕಿದೆ. ಗಂಡ ಒಂದು ಹೋಳು ಬಾಯಿಗಿಟ್ಟು ಉಗುಳಿ, ತಾಟನ್ನು ನನ್ನ ಮುಖಕ್ಕೇ ಎಸೆದರು. ಆಮೇಲೆ ಕಪಾಳಕ್ಕೆ ಬಿತ್ತು. ಎರಡು ದಿನ ಕಿವಿ ಗುಂಯ್‌ಗುಟ್ಟಿತು. ಪಾವನ್ನು ಗೋಪುರದಂತೆ ತುಂಬಿದ್ದೇ ತಪ್ಪಾಯಿತೇನೋ ಎಂದುಕೊಂಡು ಮರುವರ್ಷ ಕೈಯಿಂದ ಸವರಿ ಅಳೆದೆ. ಆಗಲೂ ಬರೀ ಉಪ್ಪು. ಈ ಸಲ ಭರಣಿಯನ್ನೇ ಅಂಗಳಕ್ಕೆ ಒಗೆದು ಒಡೆದರು, ನನ್ನ ಕೈ ಹಿಂದಕ್ಕೆ ತಿರುವಿದರು.

"ಬರೋ ವರ್ಷನೂ ಹಿಂಗಾದ್ರ ಈ ಕೈ ಮುರೀತೀನಿ."

ಅವರು ಬರೀ ಬಾಯಿಮಾತಿಗೆ ಹೇಳುವವರಲ್ಲ. ಮೂರನೆಯ ಬೇಸಿಗೆಗೆ ವಹಿ ಹಿಡಿದುಕೊಂಡು ಲಕ್ಷ್ಮೇಶ್ವರಕ್ಕೆ ಬಂದೆ. ಅವ್ವನ ಪಾವಿನಿಂದ ಆರು ಸಲ ಉಪ್ಪು ಅಳೆದು, ಅದನ್ನೇ ಪಕ್ಕದ ಮನೆಯಿಂದ ತಂದ ಪಾವಿನಲ್ಲಿ ಮತ್ತೆ ಅಳೆದೆ. ಐದೇ ಆಯಿತು.

"ಇದನ್ನ ನೆಟ್ಟಗ ಮಾಡಿಸಬೇಕಿತ್ತಿಲ್ಲೋ ಯವ್ವಾ?"

"ಮತ್ತ ಒಗದ್ರ ಮತ್ತ ನೆಗ್ಗತಿತ್ತು. ಅದಕ್ಕ ಕೈ ಹೊಂದಿಸ್ಕೊಂಡೆ."

ಅವಳ ಹುಬ್ಬಿನ ಮೇಲಿನ ಗೆರೆ ನೋಡಿದೆ. ಅವಳು ಪಾವನ್ನು ಸೆರಗಿನಿಂದ ಒರೆಸಿ ನನ್ನ ಮುಂದೆ ಹಿಡಿದಳು. "ಒಯ್ಯಿ. ಹೊಡತ ತಪ್ಪತೈತಿ." ನನಗೆ ಸಿಟ್ಟು ನೆತ್ತಿಗೇರಿತು. ಖರೆ ಹೇಳಬೇಕೆಂದರೆ, ಅಪ್ಪನ ಮೇಲೆ ಬಂದದ್ದಕ್ಕಿಂತ ಹೆಚ್ಚು ಅವ್ವನ ಮೇಲೆ ಬಂತು. ಪಾವು ಮುಟ್ಟಲಿಲ್ಲ. ವಹಿಯಲ್ಲಿ ಆರನ್ನು ಹೊಡೆದುಹಾಕಿ ಐದು ಎಂದು ಬರೆದುಕೊಂಡು ತಿರುಗಿ ಬಂದೆ.

ಆ ವರ್ಷದ ಉಪ್ಪಿನಕಾಯಿ ಹದವಾಗಿ ಬಂತು. ಗಂಡ ಎರಡು ಸಲ ಹಾಕಿಸಿಕೊಂಡು ತಿಂದರು. ನನಗೂ ಜೀವ ತಣ್ಣಗಾಯಿತು. ನಾಲ್ಕೇ ದಿನಕ್ಕೆ ಒಂದು ರೊಟ್ಟಿ ಸೀದಿತು. ಅವರ ಕೈ ಸೀದಾ ಹಿಟ್ಟಿನ ಡಬ್ಬಿಯ ಮೇಲಿದ್ದ ಪಾವಿಗೆ ಹೋಯಿತು.

ನಾನು ಕಾಯಲಿಲ್ಲ. ಲಟ್ಟಣಿಗೆ ಎತ್ತಿ ಅವರ ಮಣಿಕಟ್ಟಿಗೆ ಬಾರಿಸಿದೆ. ಎಲುಬಿನ ಸದ್ದು ನನಗೂ ಕೇಳಿಸಿತು. ಅವರು ಕುಸಿದು ಕೂತರು, ಪಾವು ಇನ್ನೂ ಬೆರಳಲ್ಲೇ ಇತ್ತು. ಲಟ್ಟಣಿಗೆ ಮತ್ತೆ ಎತ್ತಿದೆ.

"ಅದನ್ನ ಕೆಳಗ ಇಡ್ರಿ."

ಇಟ್ಟರು.

ಆ ಪಾವಿನಲ್ಲೇ ಈಗಲೂ ಉಪ್ಪು ಅಳೆಯುತ್ತೇನೆ. ಅದು ಎಲ್ಲಿಯೂ ನೆಗ್ಗಿಲ್ಲ.