ಅಮ್ಮ ಇದ್ದಷ್ಟು ದಿನ ತಣ್ಣೀರು

ಜುಲೈನಲ್ಲಿ ನೈರೋಬಿಗೆ ಬಿಸಿಲೇ ಬೀಳುವುದಿಲ್ಲ. ಮನೆಗಳಲ್ಲಿ ಹೀಟರ್ ಇರುವುದಿಲ್ಲ. ಕಲ್ಲಿನ ಗೋಡೆಗಳು ಹಗಲಿಡೀ ಥಂಡಿ ಹಿಡಿದುಕೊಂಡಿರುತ್ತವೆ. ಅಂಥ ಜುಲೈನಲ್ಲಿ ಅಮ್ಮ ಮೈಸೂರಿನಿಂದ ಬಂದಳು. ಅವಳು ಬಂದ ವಾರದಲ್ಲೇ ನಮ್ಮ ಗೀಸರ್ ಒಡೆಯಿತು. ಬೋರ್‌ವೆಲ್ಲಿನ ಉಪ್ಪುನೀರು ಅದರ ತಳವನ್ನು ತಿಂದುಹಾಕಿತ್ತು.

ಮನೆ ಬಾಡಿಗೆಯದು. ಒಡತಿ ವಯಸ್ಸಾದ ಹೆಂಗಸು, ನಯವಾಗಿ ಮಾತಾಡುವವಳು. ಯಾವುದು ಬೇಕೋ ನೀವೇ ಆರಿಸಿ ಹೇಳಿ, ಹಾಕಿಸುತ್ತೇನೆ ಎಂದಳು. ಆರಿಸುವ ಕೆಲಸವನ್ನು ನನ್ನ ಗಂಡ ತಾವೇ ವಹಿಸಿಕೊಂಡರು.

ದಿನಾ ಸಂಜೆ ಬ್ಯಾಂಕಿನ ಕೆಲಸ ಮುಗಿಸಿ ಬಂದು ಅವರು ಲ್ಯಾಪ್‌ಟಾಪ್ ತೆರೆದು ಅಮ್ಮನೆದುರು ಕೂರುತ್ತಿದ್ದರು.

"ನೋಡಿ ಅತ್ತೆ, ಸೋಲಾರ್ ಹಾಕ್ಸಿದ್ರೆ ಈ ಮೋಡದಲ್ಲಿ ಏನೂ ಕಾಯಲ್ಲ. ಷವರ್‌ನಲ್ಲೇ ಕಾಯಿಸೋ ಇನ್‌ಸ್ಟಂಟ್ ಹಾಕ್ಸಿದ್ರೆ ಶಾಕ್ ಹೊಡೆಯೋ ಭಯ. ಟ್ಯಾಂಕ್ ಗೀಸರ್ ಮತ್ತೆ ತೂತಾಗುತ್ತೆ. ಇನ್ನೊಂಚೂರು ಕಂಪೇರ್ ಮಾಡ್ಬೇಕು."

"ನಿಧಾನವಾಗಿ ನೋಡಿ ಮಾಡಿ, ನನಗೇನೂ ಅವಸರ ಇಲ್ಲ," ಎನ್ನುತ್ತಿದ್ದಳು ಅಮ್ಮ.

ಅಮ್ಮ ಸ್ನಾನ, ಪೂಜೆ ಆಗದೆ ಒಂದು ಗುಟುಕು ಕಾಫಿಯನ್ನೂ ಕುಡಿಯುವವಳಲ್ಲ. ಅವಳ ಬೆರಳಿನ ಗೆಣ್ಣುಗಳು ಸಂಧಿವಾತದಿಂದ ಊದಿಕೊಂಡಿದ್ದವು. ಇವೆರಡೂ ನನ್ನ ಗಂಡನಿಗೆ ಗೊತ್ತಿತ್ತು. ಮೊದಮೊದಲು ನಾನು ಗ್ಯಾಸಿನ ಮೇಲೆ ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ ಕೊಟ್ಟೆ. ಒಂದು ದಿನ ಊಟಕ್ಕೆ ಕೂತಾಗ ಅವರು ನಗುನಗುತ್ತಲೇ, "ಸಿಲಿಂಡರ್ ಯಾಕೋ ಬೇಗ ಖಾಲಿಯಾಗ್ತಿದೆ, ಅಲ್ವಾ ಅತ್ತೆ?" ಎಂದರು. ಮರುದಿನ ಬೆಳಿಗ್ಗೆ ಅಮ್ಮ ಒಲೆಯ ಮೇಲಿದ್ದ ಪಾತ್ರೆಯನ್ನು ತಾನೇ ಇಳಿಸಿದಳು.

"ಬೇಡ ಬಿಡೇ. ತಣ್ಣೀರು ಮೈಗೆ ಒಳ್ಳೇದು."

ಬಚ್ಚಲಿನ ಬಾಗಿಲಾಚೆ ಅವಳು ಹೇಳಿಕೊಳ್ಳುತ್ತಿದ್ದ ಸ್ತೋತ್ರ ನೀರು ಬೀಳುತ್ತಿದ್ದಂತೆ ತುಂಡು ತುಂಡಾಗುತ್ತಿತ್ತು. ಹೊರಗೆ ಬಂದವಳಿಗೆ ಬೆಂಕಿಕಡ್ಡಿ ಗೀರಲು ಬೆರಳು ಮಡಚುತ್ತಿರಲಿಲ್ಲ. ದೀಪ ನಾನೇ ಹಚ್ಚಿಕೊಡುತ್ತಿದ್ದೆ. ಆ ಹೊತ್ತಿಗೆ ನನ್ನ ಗಂಡ ಹರ್ಲಿಂಗ್‌ಹ್ಯಾಮಿನ ಜಿಮ್‌ನಲ್ಲಿ ಬಿಸಿನೀರು ಸ್ನಾನ ಮುಗಿಸಿ ಕೆಲಸಕ್ಕೆ ಹೊರಟಿರುತ್ತಿದ್ದರು.

ದೀಪಾವಳಿ ಮುಗಿಸಿಕೊಂಡು ಹೋಗುತ್ತೇನೆಂದು ಬಂದಿದ್ದ ಅಮ್ಮ ಆಗಸ್ಟ್ ಕಾಲಿಡುವ ಮುಂಚೆಯೇ, "ಟಿಕೆಟ್ ಈ ವಾರಕ್ಕೇ ಬದಲಾಯಿಸಿ ಕೊಡ್ತೀರಾ? ಯಾಕೋ ಕೈ ತುಂಬ ನೋಯ್ತಿದೆ," ಎಂದು ಅಳಿಯನನ್ನು ಕೇಳಿದಳು. ಒಂದು ಗೀಸರ್ ಆರಿಸಲಾಗದ ಮನುಷ್ಯ, ಅವಳು ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಟಿಕೆಟ್ ಬದಲಾಯಿಸಿಬಿಟ್ಟಿದ್ದರು. ಏರ್‌ಪೋರ್ಟಿನಲ್ಲಿ ಅವಳ ಕಾಲಿಗೆ ನಮಸ್ಕಾರವನ್ನೂ ಮಾಡಿದರು. ಅವಳು ತಲೆ ಮುಟ್ಟಿ ಹರಸಿದಳು.

ಮರುದಿನ ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ಮನೆಯೊಡತಿ ನಿಂತಿದ್ದಳು, ಹಿಂದೆ ಹೊಸ ಗೀಸರ್ ಹೊತ್ತ ಪ್ಲಂಬರ್.

"ಅಮ್ಮ ಸುಖವಾಗಿ ಹೊರಟರಾ? ಪೋಲೆ ಸಾನಾ, ಪಾಪ," ಎಂದು ಸ್ವಾಹಿಲಿಯಲ್ಲಿ ಮರುಗುತ್ತ ಅವಳು ನನ್ನ ಕೈ ಹಿಡಿದಳು. "ಈಗ ಅವರ ಉಬ್ಬಸ ಹೇಗಿದೆ?"

"ಉಬ್ಬಸವೇ? ಅಮ್ಮನಿಗೆ ಉಬ್ಬಸ ಇಲ್ಲವಲ್ಲ."

ಅವಳು ಗಲಿಬಿಲಿಗೊಂಡಳು. "ನಿಮ್ಮ ಯಜಮಾನರೇ ಹೇಳಿದ್ದು. ಗೋಡೆ ಕೊರೆದರೆ ಧೂಳು ಏಳುತ್ತದೆ, ಅತ್ತೆಗೆ ಉಸಿರು ಕಟ್ಟುತ್ತದೆ, ಅವರು ಊರಿಗೆ ಹೋದ ಮೇಲೆ ಹಾಕಿಸಿ ಅಂತ. ಈ ಗೀಸರನ್ನು ಅವರು ಮೊದಲ ವಾರವೇ ಆರಿಸಿಬಿಟ್ಟಿದ್ದರು. ಅಂದಿನಿಂದ ನನ್ನ ಗ್ಯಾರೇಜಿನಲ್ಲೇ ಇತ್ತು."

ಪ್ಲಂಬರ್ ಡ್ರಿಲ್ ಶುರುಮಾಡಿದ. ಒಡತಿಗೆ ಟೀ ಮಾಡಿ ಕೊಟ್ಟೆ.

ಸಂಜೆ ಅವರು ಬಂದು ಶೂ ಬಿಚ್ಚುತ್ತಿದ್ದಾಗ ಕೇಳಿದೆ. ಮುಚ್ಚಿಡುವ ಗೋಜಿಗೇ ಅವರು ಹೋಗಲಿಲ್ಲ.

"ಬಿಸಿನೀರು ಇದ್ದಿದ್ರೆ ನಿಮ್ಮಮ್ಮ ದೀಪಾವಳಿ ತನಕ ಇರ್ತಿದ್ರು."

"ಹೋಗಿ ಅಂತ ಬಾಯಿಬಿಟ್ಟು ಹೇಳ್ಬಹುದಿತ್ತಲ್ಲ?"

"ಹೇಳಿದ್ರೆ ನಾನು ಕೆಟ್ಟವನಾಗ್ತಿದ್ದೆ. ಈಗ ನೋಡು, ಆಶೀರ್ವಾದ ಮಾಡಿ ಹೋದ್ರು." ಸಾಕ್ಸುಗಳನ್ನು ಒಂದರೊಳಗೊಂದು ತುರುಕಿ ಅವರು ಬಚ್ಚಲಿಗೆ ನಡೆದರು. ಸ್ವಲ್ಪ ಹೊತ್ತಿಗೆಲ್ಲ ಬಾಗಿಲಿನ ಸಂದಿಯಿಂದ ಹಬೆ ಬರತೊಡಗಿತು.

ಅಷ್ಟರಲ್ಲಿ ಅಮ್ಮನ ಫೋನ್ ಬಂತು. ಮನೆ ಸೇರಿದ್ದಳು.

"ಬಿಸಿನೀರಿಗೆ ಏನಾದ್ರೂ ವ್ಯವಸ್ಥೆ ಆಯ್ತೇನೆ?"

"ಇನ್ನೂ ಇಲ್ಲಮ್ಮ."

"ಅವರನ್ನ ಪೀಡಿಸ್ಬೇಡ. ಪಾಪ, ದಿನಾ ಎಷ್ಟು ಹೊತ್ತು ಕೂತ್ಕೊಂಡು ನೋಡ್ತಿದ್ರು. ನಾನಿದ್ದಾಗಲೇ ಆಗ್ಲಿಲ್ಲ ಅಂತ ಅವರಿಗೂ ಬೇಜಾರಿರುತ್ತೆ."

ನಾನು ಹ್ಞೂಂ ಎಂದೆ.

ಅಮ್ಮ ಮತ್ತೆ ನೈರೋಬಿಗೆ ಬರಲಿಲ್ಲ. ಈಗಲೂ ವಿಡಿಯೊ ಕಾಲ್ ಮಾಡಿದಾಗ ನನ್ನ ಗಂಡ ಪಕ್ಕದಿಂದ ಮುಖ ತೂರಿಸಿ, "ಬನ್ನಿ ಅತ್ತೆ, ಇಪ್ಪತ್ನಾಲ್ಕು ಗಂಟೆನೂ ಬಿಸಿನೀರು ಬರುತ್ತೆ," ಎನ್ನುತ್ತಾರೆ. ಅವಳಿಗೆ ಅದೆಷ್ಟು ಸಂತೋಷವಾಗುತ್ತದೆಂದರೆ, ನಾನು ಫೋನನ್ನು ಅವರ ಕೈಗೇ ಕೊಟ್ಟು ಬಾಲ್ಕನಿಗೆ ಹೋಗಿಬಿಡುತ್ತೇನೆ.